ಬಿಲ್ಲಿಲ್ಲದ ‘ಎಡಿಟಿಂಗ್ ಹತ್ತಿ’

ಗಡಿಯೂರು ಅನಂತಪುರದ ಧನಪಾಲನ ಮನೆಯಲ್ಲಿ ಜೈನರ ದಶಲಕ್ಷಣ ಪರ್ವದ ಹತ್ತು ದಿನ ಹೊಲಕ್ಕೆ ಕೀಟನಾಶಕ, ನಮ್ಮ ಕಡೆಯ ಮಾತಿನಲ್ಲಿ ಎಣ್ಣೆ, ಹೊಡೆಯುವುದಿಲ್ಲ. ಪರ್ವದಲ್ಲಿ ಜೀವ ಕೊಲ್ಲಬಾರದೆಂದು ಅಜ್ಜನ ಕಾಲದಿಂದ ಬಂದ ನೇಮ. ಆದರೆ ಹತ್ತಿಕಾಯಿ ಕೊರೆಯುವ ಗುಲಾಬಿ ಹುಳಕ್ಕೆ ಪರ್ವವೂ ಇಲ್ಲ, ಉಪವಾಸವೂ ಇಲ್ಲ! ಹೋದ ವರ್ಷ ಕಾಯಿ ತೂತಾಗುವುದನ್ನು ನೋಡಲಾರದೆ ಧನಪಾಲ, ತಾಯಿ ಬಸದಿಗೆ ಹೋದ ಹೊತ್ತಿನಲ್ಲಿ ಪಂಪು ಹೆಗಲಿಗೇರಿಸಿಬಿಟ್ಟ. ವಾಸನೆ ಮುಚ್ಚಿಡಲಾದೀತೇ? ತಾಯಿ ಲಕ್ಷ್ಮಿಬಾಯಿ ಪರ್ವ ಮುಗಿಯುವವರೆಗೂ ಅವನ ಜೊತೆ ಮಾತು ಬಿಟ್ಟರು. ಬೈದಿದ್ದರೂ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಹಾಗಾಗಿ ಈ ಸಲ ಬಿತ್ತನೆಗೆ ಮೊದಲೇ ರಾಜ್ಯದ ಗಡಿಯಾಚೆಯ ಸಂತೆಯಿಂದ ನಾಲ್ಕು ಪಾಕೀಟು ಬೀಜ ತಂದ. ಪಾಕೀಟಿನ ಮೇಲೆ ಹೆಸರಿಲ್ಲ, ಕೈಯಲ್ಲಿ ಬಿಲ್ಲಿಲ್ಲ.

“ಅವ್ವಾ, ಇದು ಎಡಿಟಿಂಗ್ ಹತ್ತಿ. ಎಣ್ಣಿ ಹೊಡಿಯೂದ ಬ್ಯಾಡಂತ. ನಿನ್ನ ನೇಮಾನೂ ಉಳಿತೈತಿ, ಬೆಳಿನೂ ಉಳಿತೈತಿ.”

ಲಕ್ಷ್ಮಿಬಾಯಿ ಪಾಕೀಟು ಮುಟ್ಟಲೇ ಇಲ್ಲ. “ಇಂಥಾದ್ರಾಗ ಮೀನಿಂದೋ ಹುಳದ್ದೋ ಜೀವ ಸೇರಿಸಿರತಾರಂತ. ಇದರ ಹಿಂಡಿ ಆಕಳ ತಿಂತೈತಿ, ಆ ಹಾಲು ಬಸದಿಗೆ ಒಯ್ತೇವಿ. ನನಗ ಬ್ಯಾಡಪ್ಪಾ!”

ಅಷ್ಟರಲ್ಲಿ ಮಣ್ಣು ಪರೀಕ್ಷೆಯ ಚೀಟಿ ಕೊಡಲು ರೈತರಿಗೆ ಸಲಹೆ ಕೊಡುವ ಊರಿನ ಕೃಷಿ ಸಖಿ ಸೀಮಾ ಬಂದಳು. ತಾಯಿ ಮಗ ಇಬ್ಬರೂ ಅವಳನ್ನೇ ನ್ಯಾಯಕ್ಕೆ ಕೂಡಿಸಿದರು.

“ಕಾಕೂ, ಕೌದಿ ಹೊಲಿಯುವಾಗ ಒಂದು ಹೊಲಿಗಿ ತಪ್ಪಿದ್ರ ಏನ ಮಾಡ್ತೀರಿ?” ಎಂದಳು ಸೀಮಾ.

“ಅದೊಂದ ಬಿಚ್ಚಿ ಮತ್ತ ಹಾಕತೇನಿ.”

“ಎಡಿಟಿಂಗ್ ಹೆಚ್ಚೂಕಡಿಮಿ ಹಂಗರಿ. ಗಿಡದ ಗುಣ ಅದರ ಜೀನಿನಾಗ ಇರತೈತಿ. ಬೇಕಾದ ಜಾಗಾ ಹುಡುಕಿ ಅಷ್ಟ ತಿದ್ದತಾರ. ಹೊರಗಿನ ಅರಿವಿ ತುಂಡ ಹಚ್ಚಲಾರದ ತಿದ್ದೂ ಪದ್ಧತಿ ಅದಾವ. ಪ್ರಾಣಿ ಜೀನ್ ಸೇರಿಸಬೇಕಂತ ಏನಿಲ್ಲ. ಖರೆ ಹೇಳಬೇಕಂದ್ರ, ಈಗ ನೀವು ಬೆಳಿಯೂ ಬಿಟಿ ಹತ್ತ್ಯಾಗನ ಮಣ್ಣಿನ ಸೂಕ್ಷ್ಮಜೀವಿ ಜೀನ್ ಐತಿ.”

“ಅಯ್ಯ ನನ್ನವ್ವ! ಇಷ್ಟ ವರ್ಷ ಯಾರೂ ಹೇಳಲೇ ಇಲ್ಲಲ್ಲ!”

ಧನಪಾಲ ಗೆದ್ದವನಂತೆ ಪಾಕೀಟು ಎತ್ತಿದ. “ಮತ್ತೇನ, ಬಿತ್ತೂಣಲ್ಲಾ?”

“ನಿಲ್ರಿ ಅಣ್ಣಾರ. ಹುಳ, ರೋಗ, ಬಿಸಿಲು ತಡಕೊಳ್ಳೂ ಹತ್ತಿ ಮಾಡಾಕ ಸಂಶೋಧನೆ ನಡದೈತಿ. ಆದ್ರ ನಮ್ಮ ಅಂಗಡಿಗೆ ಅದಿನ್ನೂ ಬಂದಿಲ್ಲ. ಪರೀಕ್ಷೆ ಆಗಬೇಕು, ಸರ್ಕಾರ ಒಪ್ಪಬೇಕು. ಈ ಪಾಕೀಟಿನಾಗ ಏನೈತಿ ಅಂತ ಮಾರಿದವಗಾದ್ರೂ ಗೊತ್ತೈತ್ರಿ? ಹುಟ್ಟಲಿಲ್ಲಂದ್ರ ಯಾರನ್ನ ಕೇಳ್ತೀರಿ?”

ಧನಪಾಲನ ಮುಖ ಸಣ್ಣದಾಯಿತು. “ಹಂಗಾರ ಈ ವರ್ಷಾನೂ ಅವ್ವನ ಮುಂದ ಕಳ್ಳ ಆಗಬೇಕೇನು?”

“ಯಾಕ್ರಿ? ಹುಳ ಹೆಚ್ಚಾಗೂದರಾಗ ಲಗೂನ ಕಾಯಿ ಬಿಡೂ ಪ್ರಮಾಣಿತ ಬೀಜ ತಗೋರಿ. ಗಂಡು ಪತಂಗಕ್ಕ ಹೆಣ್ಣು ಸಿಗದಂಗ ದಾರಿ ತಪ್ಪಿಸೂ ವಾಸನಿ ಮುಲಾಮು ಐತಿ, ಗಿಡಕ್ಕ ಹಚ್ಚೂಣು. ತತ್ತಿ ಇಡೂದ ಕಡಿಮಿ ಆಕ್ಕೈತಿ. ಯಾವ ಜೀವಾನೂ ಕೊಲ್ಲೂದಿಲ್ಲ.”

ಲಕ್ಷ್ಮಿಬಾಯಿ ಜೋರಾಗಿ ನಕ್ಕರು. “ಪರ್ವದಾಗ ಹುಳಕ್ಕೂ ಬ್ರಹ್ಮಚರ್ಯ ಅನ್ನು!”

ಆಮೇಲೆ ಪಾಕೀಟುಗಳನ್ನು ತಾವೇ ಎತ್ತಿ, ಕೃಷಿ ಇಲಾಖೆಗೆ ತೋರಿಸಲು ಸೀಮಾಳ ಕೈಗಿತ್ತರು. ಮಗನ ಬೆನ್ನ ಮೇಲೆ ಕೈಯಾಡಿಸಿದರು.

“ನನ್ನ ಸಲುವಾಗಿ ಮೋಸ ಹೋದ್ಯಲ್ಲೋ ಧನು. ಖರೇ ಬೀಜ ಬರಲಿ, ಮೊದಲನೇ ಕಾಳು ನಾನ ಊರತೇನಿ.”

ಓದುವ ಅಣ್ಣಂದಿರೇ, ಅಕ್ಕಂದಿರೇ, ಹೊಸ ವಿದ್ಯೆಗೆ ಹೆದರಬೇಡಿ. ಅದರ ಹೆಸರು ಹೇಳಿ ಮಾರುವವರನ್ನೆಲ್ಲ ನಂಬಲೂ ಬೇಡಿ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಪಾಕೀಟಿನ ಮೇಲಿನ ಚೀಟಿ ನೋಡಿ, ಬಿಲ್ಲು ಪಡೆದೇ ಬೀಜ ತನ್ನಿ. ಅನುಮಾನವಿದ್ದರೆ ಬಿತ್ತುವ ಮೊದಲೇ ಕೇಳಿ. ಬಿತ್ತಿದ ಮೇಲೆ ಕೇಳಿದರೆ ನೆಲ ಉತ್ತರ ಕೊಡಲು ಆರು ತಿಂಗಳು ತೆಗೆದುಕೊಳ್ಳುತ್ತದೆ.