ಬೆನ್ನಿಗಿಲ್ಲದ ಬುಟ್ಟಿ

ಥಾಯ್ಲೆಂಡಿನ ಏಳನೇ ನಂಬರಿನ ಹುಡುಗಿ ಈ ಸಲವೂ ಮೊದಲೇ ಓಡಿದಳು. ಪಂಕಜಂ ಗುಂಡಿ ಒತ್ತಿ ಚಿತ್ರವನ್ನು ನಿಲ್ಲಿಸಿದಳು. ಚೆಂಡು ಇನ್ನೂ ಸಿಂಧುಜಾಳ ಬೆರಳುಗಳ ಮೇಲೆಯೇ ಇತ್ತು. ಅದು ಹಿಂದಕ್ಕೆ ಹೋಗುತ್ತದೆ ಎಂದು ನೆಟ್ಟಿನ ಆಚೆ ನಿಂತವಳಿಗೆ ಹೇಗೆ ಗೊತ್ತಾಯಿತು?

ಹದಿನೈದು ವರ್ಷಗಳ ಹಿಂದೆ ಪಂಕಜಂ ಕೂಡ ದೇಶದ ವಾಲಿಬಾಲ್ ತಂಡದಲ್ಲಿ ಅದೇ ಜಾಗದಲ್ಲಿ, ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಸೆಟ್ಟರ್ ಆಗಿ ಆಡಿದವಳು. ಮಂಡಿ ಕೈಕೊಟ್ಟ ಮೇಲೆ ಕೂನೂರಿನ ಶಾಲೆಯೊಂದರಲ್ಲಿ ಆಟದ ಟೀಚರಾಗಿ, ಹತ್ತಿರದ ಹುಬ್ಬತಲೈಯಲ್ಲಿ ತಾಯಿ ಮಾದಿಯ ಜೊತೆ ಉಳಿದಳು. ಸಿಂಧುಜಾ ಅವಳ ಅಣ್ಣನ ಮಗಳು, ಅತ್ತೆಯನ್ನು ಮಾಮಿ ಎಂದು ಕರೆಯುವವಳು. ಆಟ ಕಲಿಸಿದವಳೂ ಪಂಕಜಂ. ಈಗ ಏಷ್ಯಾ ಪಂದ್ಯಾವಳಿಗೆ ಮುಂಚೆ ಎದುರಾಳಿಗಳ ಬಗ್ಗೆ ವರದಿ ಬೇಕೆಂದು ಸಹಾಯಕ ಕೋಚ್ ಬಾಲಸುಬ್ರಮಣಿಯನ್ ಚೆನ್ನೈಯಿಂದ ಮೂರು ವಿಡಿಯೊ ಕ್ಯಾಸೆಟ್ ಕಳಿಸಿದ್ದರು. ಮೊದಲೆರಡು ತಂಡಗಳದ್ದು ಬೇಗ ಮುಗಿದಿತ್ತು: ಒಂದಕ್ಕೆ ಎತ್ತರವಿದೆ, ಕಾಲಿನಲ್ಲಿ ಚುರುಕಿಲ್ಲ, ಇನ್ನೊಂದಕ್ಕೆ ಐದನೇ ಸೆಟ್ ಆಡುವ ದಮ್ಮಿಲ್ಲ. ಮೂರನೆಯದು ಕಳೆದ ತಿಂಗಳು ನಮ್ಮ ತಂಡ ಥಾಯ್ಲೆಂಡ್ ಎದುರು ಸೋತ ಸ್ನೇಹ ಪಂದ್ಯ. ಅದನ್ನು ಅವಳು ನಾಲ್ಕು ದಿನದಿಂದ ಹಿಂದೆ ಮುಂದೆ ಓಡಿಸುತ್ತಿದ್ದಳು.

ಕಣ್ಣಳತೆಯನ್ನು ನಂಬುವ ಜಾಯಮಾನ ಅವಳದಲ್ಲ. ಗೆರೆ ಎಳೆದು ಪಟ್ಟಿ ಮಾಡಿದ್ದಳು. ಸಿಂಧುಜಾ ಮುಂದಕ್ಕೆ ಕೊಟ್ಟ ಇಪ್ಪತ್ತಾರು ಚೆಂಡುಗಳಲ್ಲಿ ಏಳನೇ ನಂಬರಿನವಳು ಮೊದಲೇ ಓಡಿದ್ದು ಮೂರು ಸಲ. ತಲೆಯ ಮೇಲಿಂದ ಹಿಂದಕ್ಕೆ ಎಸೆದ ಹದಿನಾಲ್ಕರಲ್ಲಿ ಹನ್ನೊಂದು ಸಲ. ಇದು ಅದೃಷ್ಟದ ಲೆಕ್ಕವಲ್ಲ.

ಯಾರೋ ಹೇಳಿಕೊಟ್ಟಿದ್ದಾರೆ. ಕ್ಯಾಸೆಟ್ಟಿನ ಕೊನೆಯಲ್ಲಿ ಬಾಲಸುಬ್ರಮಣಿಯನ್ ಆ ತಂಡದ ಕೋಚಿನ ಹೆಗಲ ಮೇಲೆ ಕೈ ಹಾಕಿ ನಗುತ್ತಿದ್ದರು. ಸಿಂಧುಜಾಳ ಆಯ್ಕೆಗೆ ತಕರಾರು ಮಾಡಿದ್ದವರೂ ಅವರೇ. ಪಂಕಜಂ ಬರೆದಳು: ‘ನಮ್ಮ ಶಿಬಿರದ ಒಳಗಿಂದಲೇ ಗುಟ್ಟು ಹೊರಗೆ ಹೋಗುತ್ತಿದೆ.’ ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಳು.

ಮೂರು ದಿನದ ರಜೆಗೆ ಬಂದಿದ್ದ ಸಿಂಧುಜಾ ಮಧ್ಯಾಹ್ನ ಒಳಗೆ ಕಾಲಿಟ್ಟಳು.

“ಎಂತ ಮೂತಿ ಮಾಮಿ ಇದು? ನಾ ಬಂದದ್ದು ಹಿಡಿಸಲಿಲ್ಲೆಯಾ?”

“ಕೂರು. ಬೆನ್ನ ಹಿಂದೆ ಬೆರಳಲ್ಲಿ ಗುರ್ತು ತೋರಿಸ್ತೀಯಲ್ಲ, ಅದು ಯಾರ್ಯಾರಿಗೆ ಗೊತ್ತು?”

“ಟೀಮಿಗೆ. ಮತ್ತೆ ಬಾಲು ಸಾರಿಗೆ.”

“ಮೊದಲ ಸೆಟ್ ಸೋತ ಮೇಲೂ ಅದೇ ಗುರ್ತಾ?”

“ಇಲ್ಲೆ, ನಾನೇ ಬದಲಿಸಿದೆ. ಸಾರಿಗೂ ಹೇಳಲಿಲ್ಲೆ, ಹೊತ್ತು ಇರಲಿಲ್ಲೆ.”

ಪಂಕಜಂ ಪಟ್ಟಿ ನೋಡಿದಳು. ಬದಲಿಸಿದ ಮೇಲೂ ಏಳನೇ ನಂಬರಿನವಳು ತಪ್ಪಿರಲಿಲ್ಲ. ಹಾಗಾದರೆ ಗುಟ್ಟು ಅಂಕಣದಲ್ಲಿದ್ದ ಆರು ಹುಡುಗಿಯರ ಒಳಗೇ ಇರಬೇಕು. ಅವಳ ಕಣ್ಣು ಸೋದರಸೊಸೆಯ ಕೈಯಲ್ಲಿದ್ದ ಹಳದಿ ಪ್ಲಾಸ್ಟಿಕ್ ವಾಚಿನ ಮೇಲೆ ನಿಂತಿತು.

“ಅದು ಯಾರು ಕೊಟ್ಟದ್ದು?”

“ಥಾಯ್ಲೆಂಡಿನ ಏಳನೇ ನಂಬರ್. ನಾ ಅವಳಿಗೆ ಒಂದು ಪ್ಯಾಕೆಟ್ ಟೀ ಪುಡಿ ಕೊಟ್ಟೆ...” ಸಿಂಧುಜಾಳ ಮಾತು ಅಲ್ಲೇ ನಿಂತಿತು. “ಮಾಮಿ! ಎನ್ನ ಮೇಲೇ ಸಂದೇಹವಾ? ಒಂದು ವಾಚಿಗೆ ಊರನ್ನೇ ಮಾರುವೆನಾ?”

ಕಿಟಕಿಯ ಬಳಿ ಟೀ ಎಲೆ ಕೀಳುವ ಬುಟ್ಟಿಯ ಹೆಗಲಪಟ್ಟಿ ಹೊಲಿಯುತ್ತಿದ್ದ ಮಾದಿಗೆ ಈ ಜಗಳ ಬೇಕಿರಲಿಲ್ಲ. ಓಡುತ್ತಿದ್ದ ಟೀವಿ ನೋಡಿ ಕಿಸಕ್ಕನೆ ನಕ್ಕಳು. “ಅಲ್ಲ ಕೂಸೆ, ಬೆನ್ನಲ್ಲಿ ಬುಟ್ಟಿಯೇ ಇಲ್ಲೆ, ಎಂತಕ್ಕೆ ಬುಟ್ಟಿ ಕೊಡವ್ತೀ?”

“ಎಂತ ಅವ್ವೆ?” ಪಂಕಜಂ ತಾಯಿಯ ಕಡೆ ತಿರುಗಿದಳು.

“ಆ ಹೆಗಲು ನೋಡು. ಎಲೆ ಎಸೆಯೋ ಮುಂಚೆ ನಾವು ಎತ್ತೋದಿಲ್ಲೆಯಾ, ಹಾಗೇ.”

ಪಂಕಜಂ ಕ್ಯಾಸೆಟ್ ಹಿಂದಕ್ಕೆ ಓಡಿಸಿದಳು. ಚೆಂಡು ಬೆರಳಿಗೆ ತಾಗುವ ಮೊದಲೇ ಸಿಂಧುಜಾಳ ಬಲಹೆಗಲು ಒಮ್ಮೆ ಮೇಲೆದ್ದು ಇಳಿಯಿತು. ಹಿಂದಕ್ಕೆ ಎಸೆದ ಇನ್ನೊಂದು ಚೆಂಡಿನಲ್ಲೂ ಹಾಗೇ. ಮುಂದಕ್ಕೆ ಕೊಡುವಾಗ ಹೆಗಲು ಅಲುಗುತ್ತಿರಲಿಲ್ಲ. ಸಂಜೆಯವರೆಗೆ ನೋಡಿದರೂ ಲೆಕ್ಕ ತಪ್ಪಲಿಲ್ಲ.

ಎಲೆ ಕೀಳುವವರ ಅಭ್ಯಾಸ ಅದು. ಮುಷ್ಟಿ ತುಂಬಿದ ಚಿಗುರನ್ನು ಹೆಗಲ ಮೇಲಿಂದ ಬೆನ್ನಿನ ಬುಟ್ಟಿಗೆ ಎಸೆಯುವ ಮುಂಚೆ, ಜಾರಿದ ಬುಟ್ಟಿಯನ್ನು ಹೆಗಲಿನಿಂದಲೇ ಮೇಲೆತ್ತಿ ಸರಿಮಾಡುವುದು. ಎಂಟು ವರ್ಷದ ಸಿಂಧುಜಾಳಿಗೆ ಮನೆಯ ಹಿಂದಿನ ಟೀ ತೋಟದಲ್ಲಿ ಸಣ್ಣ ಬುಟ್ಟಿ ಕಟ್ಟಿ, “ಹಿಂದೆ ನೋಡಬೇಡ, ಎಲೆ ಎಸೆದ ಹಾಗೆ ಎಸೆ” ಎಂದು ಕಲಿಸಿದವಳು ಪಂಕಜಂ. ತಾನು ಆಡುವಾಗಲೂ ಹೆಗಲು ಎದ್ದಿರಬೇಕು. ಆಗ ಎದುರಾಳಿಗಳ ಬಳಿ ಕ್ಯಾಸೆಟ್ ಇರಲಿಲ್ಲ, ಅಷ್ಟೆ.

“ಇದನ್ನು ಬರೀತೀಯಾ?” ಸಿಂಧುಜಾಳ ದನಿ ಕುಗ್ಗಿತ್ತು. “ಸೋಮವಾರ ಲಿಸ್ಟ್ ಹಾಕ್ತಾರೆ. ಬರೆದರೆ ಎನ್ನ ತೆಗೀತಾರೆ ಮಾಮಿ.”

ಪಂಕಜಂ ವರದಿಯನ್ನು ಮುಂದಕ್ಕೆ ಎಳೆದುಕೊಂಡಳು. ಮೊದಲು ಬರೆದ ಸಾಲು ಹಾಳೆಯಲ್ಲಿ ಹಾಗೇ ಇತ್ತು. ಅದು ಸುಳ್ಳೆಂದು ಯಾರೂ ತೋರಿಸಲಾರರು. ಖಾಲಿ ಜಾಗಕ್ಕೆ ಬಾಲಸುಬ್ರಮಣಿಯನ್ ಹೆಸರು ಹಾಕಿದರೆ ಹುಡುಗಿ ತಂಡದಲ್ಲಿ ಉಳಿಯುತ್ತಾಳೆ, ಅವಳನ್ನು ಬೇಡವೆಂದವರು ಹೋಗುತ್ತಾರೆ. ಆ ಕ್ಯಾಸೆಟ್ಟನ್ನು ಅವರು ತನಗೇ ಯಾಕೆ ಕಳಿಸಿದರು? ಹೆಗಲನ್ನು ನೋಡಿದ್ದರೇ, ಸ್ವಂತ ಸೊಸೆಯ ತಪ್ಪನ್ನು ಬರೆಯುತ್ತಾಳೋ ಇಲ್ಲವೋ ಎಂದು ಕಾಯುತ್ತಿದ್ದಾರೆಯೇ? ಈ ಸಂಶಯಕ್ಕೆ ಪುರಾವೆ ಇರಲಿಲ್ಲ. ಹಾಳೆಯನ್ನು ಹರಿದಳು.

ಶನಿವಾರ ಬೆಳಿಗ್ಗೆ ಚೆನ್ನೈಗೆ ಹೊರಟ ಸಿಂಧುಜಾಳ ಕೈಗೆ ಹೊಸ ವರದಿಯ ಲಕೋಟೆ ಕೊಡುವಾಗ, ಬೆಟ್ಟದ ಕೆಳಗಿನ ಮೇಟ್ಟುಪಾಳಯಂ ದಾಟುವ ಮೊದಲೇ ಇವಳು ಇದನ್ನು ಬಿಸಾಡಿದರೆ ಎಂಬ ಯೋಚನೆ ಪಂಕಜಂಗೆ ಬರದೆ ಇರಲಿಲ್ಲ. ಆದರೂ ಅಂಟಿಸಿರಲಿಲ್ಲ.

“ಓದು. ಆಮೇಲೆ ನೀನೇ ಅಂಟಿಸು.”

ಸಿಂಧುಜಾ ಬಾಗಿಲಲ್ಲೇ ನಿಂತು ಓದಿದಳು. ಹೆಗಲಿನ ಮಾತಿತ್ತು, ಹದಿನಾಲ್ಕರಲ್ಲಿ ಹನ್ನೊಂದು ಇತ್ತು. ಕೊನೆಯಲ್ಲಿ ‘ಈ ತಪ್ಪು ಕಲಿಸಿದವಳದು. ಆರು ವಾರ ಕೊಟ್ಟರೆ ಬಿಡಿಸಬಹುದು. ಬಿಡಿಸುವ ಬದಲು ಹೆಗಲೆತ್ತಿ ಮುಂದಕ್ಕೆ ಕೊಡಲು ಕಲಿಸಿದರೆ ಏಳನೇ ನಂಬರಿನವಳು ತಪ್ಪು ದಿಕ್ಕಿಗೆ ಓಡುತ್ತಾಳೆ’ ಎಂದಿತ್ತು.

ಹುಡುಗಿ ಪೆನ್ನಿಗೆ ಕೈಚಾಚಿದಳು. “ಹನ್ನೊಂದಲ್ಲ ಮಾಮಿ, ಹನ್ನೆರಡು. ಮೂರನೇ ಸೆಟ್ಟಿನ ಕೊನೇದಕ್ಕೂ ಅವಳು ಮೊದಲೇ ಓಡಿದ್ದಳು, ನೀ ಗೆರೆ ಹಾಕಲಿಲ್ಲೆ.”

ಪಂಕಜಂ ನಂಬಲಿಲ್ಲ. ಬಸ್ಸಿಗೆ ಹೊತ್ತಾಗುತ್ತಿದ್ದರೂ ಒಳಗೆ ಹೋಗಿ ಕ್ಯಾಸೆಟ್ ಹಾಕಿ ನೋಡಿದಳು. ಹನ್ನೆರಡೇ ಇತ್ತು. ಅವಳು ಹೊರಗೆ ಬರುವಷ್ಟರಲ್ಲಿ ಸಿಂಧುಜಾ ಅಂಕಿ ತಿದ್ದಿ, ಲಕೋಟೆ ಅಂಟಿಸಿ ಆಗಿತ್ತು.