ಎರಡನೇ ಸಲ ಯಾರೂ ಕೇಳಲಿಲ್ಲ

ಸಾವಂತ್ರೆವ್ವ ಬೇಡ ಅಂದದ್ದು ಬೇಕು ಅಂತಲೇ. ಇದು ತಿಳಿಯದವರು ಬಾಗಲಕೋಟೆ ಕಡೆ ಒಮ್ಮೆಯೂ ಉಂಡವರಲ್ಲ. ಅಲ್ಲಿ ಯಾರ ಮನೆಗೆ ಹೋದರೂ ಮೊದಲ ಸಲ "ಊಟಕ್ಕ ಏಳ್ರಿ" ಅಂದಾಗ "ಬ್ಯಾಡ್ರಿ, ಈಗರ ಆಗೇತಿ" ಅನ್ನಬೇಕು. ಎರಡನೇ ಸಲ ಕರೆದಾಗ ಸುಮ್ಮನೆ ನಗಬೇಕು. ಮೂರನೇ ಸಲಕ್ಕೆ ಕೈ ತೊಳೆಯಲು ಏಳಬೇಕು. ಮೊದಲ ಕರೆಗೇ ಹೂಂ ಅಂದವರನ್ನು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ.

ಆದರೆ ಅವಳು ಊರು ಬಿಟ್ಟು ದುಡಿಯಲು ಬಂದ ವೆರ್ಣಾದ ಫ್ಯಾಕ್ಟರಿಯ ಲೋಬೊ ಸರ್ ಬಾಗಲಕೋಟೆಯಲ್ಲಿ ಉಂಡವರಲ್ಲ. ಔಷಧದ ಬಾಟಲಿಗೆ ಮುಚ್ಚಳ ಹಾಕುವ ಹೊಸ ಮಷೀನು ಬರುವುದಿತ್ತು. ಅದನ್ನು ಕಲಿಯಲು ಲೈನಿನಿಂದ ಒಬ್ಬರು ಹದಿನೈದು ದಿನ ಫ್ರಾನ್ಸಿನ ಲಿಯೋನ್ ಎಂಬ ಊರಿಗೆ ಹೋಗಬೇಕು, ಪಾಸ್‌ಪೋರ್ಟಿನಿಂದ ಹಿಡಿದು ಎಲ್ಲ ಕಂಪನಿಯೇ ಮಾಡಿಸುತ್ತದೆ. ಹನ್ನೆರಡು ವರ್ಷ ದುಡಿದವಳು ಅಂತ ಸರ್ ಎಲ್ಲರೆದುರು ಸಾವಂತ್ರೆವ್ವನನ್ನೇ ಕೇಳಿದರು. ಅವಳು ಏಪ್ರನ್ನು ಸರಿಮಾಡಿಕೊಂಡು, ನೆಲ ನೋಡುತ್ತ, ನನಗ್ಯಾಕೆ ಬೇಡಿ ಸರ್ ಅಂತ ತನ್ನ ಹರಕುಮುರುಕು ಹಿಂದಿಯಲ್ಲಿ ಅಂದಳು. ಅಂದು, ಎರಡನೇ ಕರೆಗೆ ಕಾದಳು. ಕಾಯುತ್ತಿರುವಾಗಲೇ ಪಕ್ಕದಲ್ಲಿದ್ದ ಮಂಗಲಾ "ನಾನು ಹೋಗ್ತೀನಿ ಸರ್" ಅಂದುಬಿಟ್ಟಳು. ಸರ್ ಹೆಸರು ಬರೆದುಕೊಂಡು ಹೋದರು.

ಈ ಮಂಗಲಾ ಯಾರೋ ಪರಕೀಯಳಾಗಿದ್ದರೆ ಸಹಿಸಬಹುದಿತ್ತು. ಸಾವಂತ್ರೆವ್ವನೇ ಕೈಹಿಡಿದು ಕೆಲಸಕ್ಕೆ ಹಚ್ಚಿದವಳು. ಎಂಟು ವರ್ಷದಿಂದ ಕಂಪನಿ ಬಸ್ಸಿನಲ್ಲಿ ಒಂದೇ ಸೀಟಿಗೆ ಕೂತು, ಒಂದೇ ಡಬ್ಬಿಯ ರೊಟ್ಟಿ ಮುರಿದು ತಿಂದವಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ತುತ್ತು ಪಕ್ಕದವಳ ಬಾಯಿಗೇ ಹೋಗಿತ್ತು. ಮಂಗಲಾ ವಿಮಾನ ಹತ್ತಿದ ದಿನ ಸಾವಂತ್ರೆವ್ವನ ಝುಣಕಕ್ಕೆ ಎರಡು ಸಲ ಉಪ್ಪು ಬಿತ್ತು.

ಮರುದಿನದಿಂದ ಮಂಗಲಾಳ ವಾಟ್ಸಾಪ್ ಸ್ಟೇಟಸ್ಸು ಶುರುವಾದವು. ತನ್ನ ಫೋನಿನಲ್ಲಿ ನೋಡಿದರೆ ನೋಡಿದ್ದು ಅವಳಿಗೆ ತಿಳಿಯುತ್ತದೆ. ಅಷ್ಟು ಸಸಾರವಾಗಲು ಸಾವಂತ್ರೆವ್ವ ತಯಾರಿರಲಿಲ್ಲ. ಗಂಡ ಹೊಳೆಪ್ಪ ಸಂಜೆ ಬಂದರಿನ ಕೆಲಸದಿಂದ ಬಂದು ಕಾಲು ತೊಳೆಯುವುದರೊಳಗೆ ಅವನ ಫೋನು ಕಸಿದುಕೊಂಡಳು.

ಬೀದಿಯಲ್ಲೇ ಹಾಕಿದ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ, ಗುಟುಕಿನಷ್ಟು ಕಾಫಿಯನ್ನು ಅರ್ಧ ತಾಸು ಕುಡಿಯುವ ಮಂಗಲಾ. ಕಂಕುಳಲ್ಲಿ ಉದ್ದನೆಯ ಬ್ರೆಡ್ಡು ಇಟ್ಟುಕೊಂಡು ಹೊಳೆಯ ಸೇತುವೆ ದಾಟುವ ಮಂಗಲಾ. ಸಂತೆಯಲ್ಲಿ ಗಾಲಿಯಷ್ಟು ದೊಡ್ಡ ಚೀಜಿನ ಮುಂದೆ ಮೂಗು ಮುಚ್ಚಿಕೊಂಡು ನಗುವ ಮಂಗಲಾ. ಗುಲಾಬಿ ಬಣ್ಣದ ಬಾದಾಮಿ ಸಿಹಿ ತಿಂದು ತುಟಿಯೆಲ್ಲ ಗುಲಾಬಿಯಾದ ಮಂಗಲಾ. ಸೀರೆಯ ಮೇಲೆ ಯಾರದೋ ಕರಿ ಕೋಟು, ಕೊರಳಿಗೆ ನೀಲಿ ರೇಷ್ಮೆಯ ಸ್ಕಾರ್ಫು. ಆ ಊರಿನ ಹೆಣ್ಣುಮಕ್ಕಳು ಕಟ್ಟುವ ಹಾಗೆ ಗಂಟು ಒಂದು ಪಕ್ಕಕ್ಕೆ. ಒಂದೊಂದು ಫೋಟೋವನ್ನೂ ಸಾವಂತ್ರೆವ್ವ ಬೆರಳಿಂದ ಒತ್ತಿ ಹಿಡಿದು ನೋಡಿದಳು. ಆ ಕುರ್ಚಿ ನನ್ನದು ಅಂದುಕೊಂಡಳು. ಆ ಕಾಫಿ ನನ್ನದು, ಆ ಸಿಹಿ ನನ್ನದು.

"ಅಲ್ಪಗ ಐಶ್ವರ್ಯ ಬಂದ್ರ ಅರ್ಧರಾತ್ರ್ಯಾಗ ಕೊಡಿ ಹಿಡದಿದ್ನಂತ," ಅಂತ ಮಂಗಲಾ ಕೊಡೆ ಹಿಡಿದ ಫೋಟೋ ತೋರಿಸಿ ಗಂಡನಿಗೆ ಅಂದಳು.

"ಅಲ್ಲೀಗ ಮಧ್ಯಾಹ್ನ ಐತಿ. ಮಳಿ ಬರಾಕತ್ತೇತಿ," ಅಂದ ಹೊಳೆಪ್ಪ. ಅವನಿಗೆ ಆ ಸಂಜೆ ಚಹಾ ಸಿಗಲಿಲ್ಲ.

ಐದನೇ ದಿನ ಮಂಗಲಾಳಿಂದ ಸಾವಂತ್ರೆವ್ವನಿಗೆ ಮೆಸೇಜು ಬಂತು. "ಅಕ್ಕಾ, ಹೊಳೆಪ್ಪಣ್ಣ ನನ್ನ ಸ್ಟೇಟಸ್ ಒಂದೂ ಬಿಡವಲ್ಲ. ನೀ ಯಾಕ ನೋಡವಲ್ಲಿ?" ಸಾವಂತ್ರೆವ್ವನ ಕಿವಿ ಬಿಸಿಯಾಯಿತು. ಇನ್ನು ನೋಡುವುದೇ ಇಲ್ಲ ಅಂತ ಆಣೆ ಮಾಡಿದಳು. ಮರುದಿನದಿಂದ ಚಾಳಿನ ಪಕ್ಕದ ಖೋಲಿಯ ಯಾಸ್ಮೀನಳ ಫೋನಿನಲ್ಲಿ ನೋಡಿದಳು.

ಹದಿನೈದು ದಿನ ಮುಗಿಸಿ ಸೋಮವಾರ ಮಂಗಲಾ ಕೆಲಸಕ್ಕೆ ಬಂದಳು. ಬಸ್ಸಿನಲ್ಲಿ ಅವಳ ಜಾಗದ ಮೇಲೆ ಸಾವಂತ್ರೆವ್ವ ತನ್ನ ಬ್ಯಾಗು ಇಟ್ಟು ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಮಂಗಲಾಳ ಕೊರಳಲ್ಲಿ ಅದೇ ನೀಲಿ ಸ್ಕಾರ್ಫು. ನೋಡದೆಯೂ ಕಂಡಿತು.

"ಕುಂಡ್ರಲೇನ ಅಕ್ಕಾ?"

"ಬ್ಯಾಡ. ಬ್ಯಾಗ ಐತಿ."

ಇನ್ನೊಮ್ಮೆ ಕೇಳುತ್ತಾಳೆ, ಆಗ ಬ್ಯಾಗು ಎತ್ತಿದರಾಯಿತು ಅಂತ ಸಾವಂತ್ರೆವ್ವನ ಲೆಕ್ಕ. ಲೋಬೊ ಸರ್ ಕೇಳಿದ ದಿನದಿಂದ ಅವಳಿಗೆ ಬೇಕಾಗಿದ್ದುದೇ ಅದು, ಇನ್ನೊಮ್ಮೆ ಕೇಳುವ ಒಬ್ಬರು. ಮಂಗಲಾ ಕೇಳಲಿಲ್ಲ. ಮೇಲಿನ ಸರಳು ಹಿಡಿದು ನಿಂತಳು. ಬಸ್ಸು ಎರಡು ಸ್ಟಾಪು ದಾಟಿತು.

"ಹದಿನೈದ ದಿನದಾಗ ನಮ್ಮ ರೀತಿ-ರಿವಾಜ ಮರತೇನ?" ಸಾವಂತ್ರೆವ್ವನಿಗೆ ತಡೆಯಲಾಗಲಿಲ್ಲ.

"ಮರತಿಲ್ಲಕ್ಕಾ," ಅಂದಳು ಮಂಗಲಾ. "ಅಲ್ಲಿ ಮೊದಲ ದಿನ ಟ್ರೇನಿಂಗ್ ಮೇಡಮ್ಮ ಮನಿಗೆ ಕರದಿದ್ರು. ತಾಟ ಮುಂದ ಹಿಡದ್ರು, ನಾ ಬ್ಯಾಡ ಅಂದೆ. ತಾಟ ಒಳಗ ಹೋತು, ಹೊಳ್ಳಿ ಬರಲಿಲ್ಲ. ಉಪಾಸ ಮಲಗೇನಿ. ಆವಾಗ ನೀನ ಕಣ್ಣ ಮುಂದ ಬಂದಿ." ಬಾಗಿ ದನಿ ಇಳಿಸಿದಳು. "ಅವತ್ತ ಲೋಬೊ ಸರ್ ನಿನಗ ಇನ್ನೊಮ್ಮೆ ಕೇಳಾಕ ಬಾಯಿ ತಗದಿದ್ರು. ನಾ ನೋಡೇನಿ. ಅವ್ರು ಕೇಳಿದ್ರ ನೀ ಹೂಂ ಅಂತಿದ್ದಿ. ಅದಕ್ಕ ಅವ್ರಕಿಂತ ಮೊದಲ ನಾ ಗಡಾನ ಹೋಗ್ತೀನಿ ಅಂದೆ."

ಸಾವಂತ್ರೆವ್ವನಿಗೆ ಸಿಟ್ಟು ಬರಬೇಕಿತ್ತು, ಬಂತು. ಕಪಾಳಕ್ಕೆ ಬಿಗಿಯಲೇ ಅನ್ನಿಸಿತು. ಆದರೆ ಅದರ ಬೆನ್ನಿಗೇ ಜೀವ ಹಗುರವೂ ಆಯಿತು. ಇಷ್ಟು ದಿನ ಅವಳು ತನ್ನ ಬಾಯಿಯನ್ನೇ ಶಪಿಸಿದ್ದಳು. ಈಗ ಆ ಶಾಪ ಹೊರಲು ಇನ್ನೊಬ್ಬಳು ಸಿಕ್ಕಿದ್ದಳು. ಬ್ಯಾಗು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಮಂಗಲಾ ಕೂತಳು.

ಕೂತವಳೇ ತನ್ನ ಪರ್ಸಿನಿಂದ ತೆಳ್ಳನೆಯ ಪೊಟ್ಟಣ ತೆಗೆದಳು. ಒಳಗೆ ಕೆಂಪು ರೇಷ್ಮೆಯ ಸ್ಕಾರ್ಫು, ಮಡಿಕೆಯೂ ಬಿಚ್ಚದ್ದು. "ನಿನಗಂತ ತಂದೇನಿ. ಬ್ಯಾಡ ಅನಬ್ಯಾಡ."

"ಇದು ಬ್ಯಾಡ," ಅಂದಳು ಸಾವಂತ್ರೆವ್ವ. ಜನ್ಮದಲ್ಲಿ ಮೊದಲ ಸಲ ಬೇಡ ಅಂದರೆ ಬೇಡ ಅಂತಲೇ ಅಂದಳು. "ನಿನ್ನ ಕೊಳ್ಳಾಗಿಂದು ಕೊಡು."

ಮಂಗಲಾಳ ಕೈ ಕೊರಳಿಗೆ ಹೋಯಿತು. "ಇದು ಹಳೇದಾತಕ್ಕಾ. ದಿನಾ ಹಾಕ್ಕೊಂಡು ಊರೆಲ್ಲಾ ತಿರಗೇನಿ."

"ಅದಕ್ಕ ಬೇಕು."

ಮಂಗಲಾ ಗಂಟು ಬಿಚ್ಚಿ ಕೊಟ್ಟಳು. ಸಾವಂತ್ರೆವ್ವ ಅದನ್ನು ಕೊರಳಿಗೆ ಸುತ್ತಿ ಗಂಟನ್ನು ಪಕ್ಕಕ್ಕೆ ಹಾಕಿದಳು. ಯಾರೂ ಹೇಳಿಕೊಡಬೇಕಾಗಲಿಲ್ಲ, ಯಾಸ್ಮೀನಳ ಫೋನಿನಲ್ಲಿ ನೋಡಿ ನೋಡಿ ಕೈಗೆ ಬಂದಿತ್ತು. ಮೆಲ್ಲನೆ ಅದರ ತುದಿಯನ್ನು ಮೂಗಿಗೆ ಹಿಡಿದಳು. ಆ ಕಾಫಿ, ಆ ಹೊಳೆಯ ದಂಡೆ, ಆ ಗುಲಾಬಿ ಸಿಹಿ, ಏನಾದರೂ ಉಳಿದಿರಬೇಕಲ್ಲ ಅಂತ ಜೋರಾಗಿ ಉಸಿರೆಳೆದಳು. ಬಂದದ್ದು ಕೊಬ್ಬರಿ ಎಣ್ಣೆಯ ವಾಸನೆ. ಎಂಟು ವರ್ಷದಿಂದ ಇದೇ ಸೀಟಿನಲ್ಲಿ, ಮಂಗಲಾಳ ತಲೆಯಿಂದ ದಿನಾ ಬರುತ್ತಿದ್ದದ್ದು.

ವೆರ್ಣಾದ ಗೇಟು ಬರುವಷ್ಟರಲ್ಲಿ ಮಂಗಲಾ ಕೆಂಪು ಸ್ಕಾರ್ಫಿನ ಮಡಿಕೆ ಬಿಚ್ಚಿ ಕಟ್ಟಿಕೊಂಡಿದ್ದಳು. ಸಾವಂತ್ರೆವ್ವ ಓರೆಗಣ್ಣಿನಿಂದ ನೋಡಿದಳು. ಮಂಗಲಾಳಿಗೆ ಅದು ನೀಲಿಯದಕ್ಕಿಂತಲೂ ಚಂದ ಒಪ್ಪಿತ್ತು.