ಮಾವನಿಗೆ ಒಪ್ಪಿಸಿದ ಪಾಠ

ನನ್ನ ಮಾವನವರು ನಲವತ್ತು ವರ್ಷ ಲ್ಯಾಟಿನ್ ಕಲಿಸಿದವರು. ಅವರ ಪದ್ಧತಿ ಒಂದೇ: ಪಾಠ ಒಪ್ಪಿಸುವವರು ಸರಿಯಾಗಿ ಹೇಳಿದರೆ ಮೌನ, ತಪ್ಪಿದರೆ ಮಾತು. ಭೇಷ್ ಎಂಬ ಶಬ್ದ ಅವರ ಬಾಯಿಂದ ಬಂದದ್ದನ್ನು ಯಾರೂ ಕೇಳಿಲ್ಲ. ಸರಿ ಇದ್ದದ್ದಕ್ಕೆ ಹೇಳುವುದೇನಿದೆ ಎನ್ನುತ್ತಿದ್ದರು. ಮನೆಯಲ್ಲೂ ಅದೇ ಕಾನೂನು. ಅಡುಗೆ ರುಚಿಯಾಗಿದ್ದ ದಿನ ತಟ್ಟೆ ಖಾಲಿ ಮಾಡಿ ಸುಮ್ಮನೆ ಏಳುವರು. ಉಪ್ಪು ಒಂದು ಚಿಟಿಕೆ ಹೆಚ್ಚಾದರೆ ಭಾಷಣ. ಇಂಥವರ ಸೊಸೆಯಾಗಿ ಹದಿನೆಂಟು ವರ್ಷ ಬಾಳಿದ್ದೇನೆ. ನನಗೂ ಕೋಪ ಮೂಗಿನ ತುದಿಯಲ್ಲೇ. ಹಾಗಾಗಿ ನಮ್ಮ ಮನೆಯಲ್ಲಿ ಮಾತಿಗೇನೂ ಬರವಿರಲಿಲ್ಲ.

ನಾನು ಟೈಲರ್. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬೀದಿ ಕಡೆಯ ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಗೋಡೆಗೆ ತಾಗಿದಂತೆ ಬಟ್ಟೆ ಕತ್ತರಿಸುವ ಮೇಜು, ಮೂಲೆಯಲ್ಲಿ ಮಾವನವರ ಕುರ್ಚಿ. ಅಲ್ಲಿ ಕೂತು ಗಿರಾಕಿಗಳ ಮಾತನ್ನೂ ತಿದ್ದುವರು. ಹೋದ ವರ್ಷ ಕೋಟು ಸಡಿಲಿಸಲು ಕೊಡೋಣವೆಂದು ಬಂದ ಬ್ಯಾಂಕಿನ ಅಧಿಕಾರಿಯೊಬ್ಬರ ಒಂದೇ ವಾಕ್ಯವನ್ನು ಮೂರು ಸಲ ತಿದ್ದಿದರು. ಆ ಮನುಷ್ಯ ಕೋಟು ಹೆಗಲಿಗೆ ಹಾಕಿಕೊಂಡು ಹೊರಟೇಹೋದ. ನನಗೆ ಪಿತ್ತ ನೆತ್ತಿಗೇರಿತು.

"ಮಾವ, ಒಂದು ದಿನ ಆದ್ರೂ ಬಾಯಿ ಮುಚ್ಕೊಂಡಿರ್ತೀರಾ?" ಅಂದುಬಿಟ್ಟೆ.

ಮಾರನೆಯ ಬೆಳಿಗ್ಗೆ ಅವರಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಕೈಕಾಲು ತಕ್ಕಮಟ್ಟಿಗೆ ಆಡುತ್ತಿದ್ದವು, ಮಾತು ಮಾತ್ರ ಪೂರ್ತಿ ನಿಂತುಹೋಗಿತ್ತು. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು. ತಾವು ಹೇಳಲು ಹೊರಟರೆ ತುಟಿ ನಡುಗಿ ಅಲ್ಲಿಗೇ ನಿಲ್ಲುತ್ತಿತ್ತು. ಹದಿನೆಂಟು ವರ್ಷದಲ್ಲಿ ಅವರು ನನ್ನ ಮಾತು ಕೇಳಿದ್ದು ಇದೊಂದೇ ಸಲ ಎಂದು ಗಂಡನ ಹತ್ತಿರ ತಮಾಷೆ ಮಾಡಲು ಹೋಗಿ ಗೊಳೋ ಎಂದು ಅತ್ತೆ. ನನ್ನ ಮಾತಿಗೂ ಅವರ ಕಾಯಿಲೆಗೂ ಸಂಬಂಧವಿಲ್ಲ ಎಂದು ಡಾಕ್ಟರೇ ಹೇಳಿದ್ದರು. ಕಿವಿ ಕೇಳಿತು, ಮನಸ್ಸು ಕೇಳಲಿಲ್ಲ. ಅವರು ಮತ್ತೆ ಬಾಯಿ ತೆರೆಯಬೇಕು, ನನ್ನನ್ನು ಒಂದು ಸಲ ಚೆನ್ನಾಗಿ ಬೈಯಬೇಕು. ನನಗೆ ಬೇಕಿದ್ದದ್ದು ಅಷ್ಟೇ.

ಮಾತಿನ ತರಬೇತಿಗೆಂದು ವಾರಕ್ಕೊಮ್ಮೆ ಬರುತ್ತಿದ್ದಾಕೆ, ಬಾಯಿಪಾಠವಾದದ್ದು ಕೆಲವೊಮ್ಮೆ ಮೊದಲು ವಾಪಸು ಬರುತ್ತದೆ ಅಂದರು. ಅಂಕಿ ಎಣಿಸಿ ನೋಡಿದೆವು, ವಾರಗಳ ಹೆಸರು ಹೇಳಿ ನೋಡಿದೆವು. ಊಹೂಂ. ಈ ಮನುಷ್ಯನಿಗೆ ಬಾಯಿಪಾಠ ಅಂದರೆ ಲ್ಯಾಟಿನ್ ಅಲ್ಲವೇ ಎಂದು ನನಗೆ ಹೊಳೆದದ್ದು ಆಮೇಲೆ. ಅಟ್ಟದಿಂದ ಅವರ ವ್ಯಾಕರಣ ಪುಸ್ತಕ ಇಳಿಸಿ ಧೂಳು ಕೊಡವಿದೆ.

ನಾನು ಎಂಟನೆಯ ತರಗತಿಗೇ ಶಾಲೆ ಬಿಟ್ಟವಳು. ಆದರೂ ನೋಡುತ್ತ ಹೋದಂತೆ ಪರವಾಗಿಲ್ಲ ಅನ್ನಿಸಿತು. ನಮ್ಮ ಮರವು, ಮರವನ್ನು, ಮರದಿಂದ ಇದ್ದ ಹಾಗೆ ಅಲ್ಲೂ ನಾಮಪದಕ್ಕೆ ವಿಭಕ್ತಿಗಳಿವೆ. ಅಂಗಿಯ ಮೈ ಒಂದೇ, ತೋಳು ಬೇರೆ ಬೇರೆ. ಕ್ರಿಯಾಪದಕ್ಕೆ ಕಾಲ ಮಾತ್ರ ಆರು! ಮೂರರಲ್ಲೇ ನಮ್ಮ ಬದುಕು ಸಾಗುತ್ತಿರುವಾಗ ಆ ಲ್ಯಾಟಿನ್ನಿನವರಿಗೆ ಆರು ಯಾಕೆ ಬೇಕಿತ್ತೋ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದುಕೊಂಡು, ಪೆಡಲ್ ತುಳಿಯುತ್ತ ಉರು ಹೊಡೆದೆ. ಯಾರದೋ ಕಪ್ಪು ಪ್ಯಾಂಟಿನ ಹಿಂಭಾಗಕ್ಕೆ ಬಹುವಚನವೊಂದು ಅಂಟಿಕೊಂಡು ಹೋದದ್ದೂ ಉಂಟು.

ಮೊದಲು ಒಪ್ಪಿಸಿದ್ದು ವೊಕೋ, ಅಂದರೆ ಕರೆಯುತ್ತೇನೆ. ವರ್ತಮಾನ ಕಾಲ ಸರಾಗವಾಗಿ ದಾಟಿತು. ಮೂಲೆಯಲ್ಲಿ ಮೌನ. ಭವಿಷ್ಯತ್ ಕಾಲಕ್ಕೆ ಬಂದೆ. ವೊಕಾಬೋ, ವೊಕಾಬಿಸ್, ವೊಕಾಬಿತ್, ವೊಕಾಬಿಮುಸ್, ವೊಕಾಬಿತಿಸ್, ವೊಕಾಬಿಂತ್.

"ಬುಂತ್."

ಸೂಜಿ ನಿಂತಿತು. ತಿರುಗಿ ನೋಡಿದೆ. ಕುರ್ಚಿಯಲ್ಲಿ ಮಾವನವರು ಹುಬ್ಬು ಗಂಟಿಕ್ಕಿ ಕೂತಿದ್ದರು. ಎರಡು ತಿಂಗಳಲ್ಲಿ ಬಂದ ಮೊದಲ ಶಬ್ದ ಅದು. ಪುಸ್ತಕ ತೆಗೆದು ನೋಡಿದರೆ ಅವರು ಹೇಳಿದ್ದೇ ಸರಿ, ವೊಕಾಬುಂತ್. ನನಗೆ ಖುಷಿಯೋ ಖುಷಿ.

ಅಲ್ಲಿಂದ ದಿನವೂ ಒಪ್ಪಿಸತೊಡಗಿದೆ. ನನ್ನ ತಪ್ಪಿಗೊಂದು ಅವರ ತುಂಡು ಶಬ್ದ. ಆದರೆ ಉರು ಹೊಡೆದರೆ ಕಲ್ಲಿಗೂ ಬರುತ್ತದೆ, ನನಗೂ ಬಂತು. ತಪ್ಪು ಕಡಿಮೆಯಾಯಿತು. ಒಂದು ವಾರ ಒಂದೂ ತಪ್ಪಲಿಲ್ಲ, ಮಾವನವರು ಆ ವಾರ ಪೂರ್ತಿ ಮೂಕ. ನನ್ನ ಜಾಣತನಕ್ಕೆ ಬೆಂಕಿ ಬೀಳಲಿ ಎಂದು ನನ್ನನ್ನೇ ಶಪಿಸಿಕೊಂಡೆ.

ಆಮೇಲೆ ಬೇಕೆಂದೇ ತಪ್ಪು ಮಾಡಲು ಕಲಿತೆ. ಸುಲಭ ಅಂದುಕೊಳ್ಳಬೇಡಿ. ದಡ್ಡ ತಪ್ಪಾದರೆ ಅವರು ಮುಖ ಆಚೆ ತಿರುಗಿಸಿಬಿಡುವರು. ಓದಿದವರೂ ಎಡವುವಂಥ ತಪ್ಪಿರಬೇಕು. ಅದಕ್ಕೆ ಸರಿಯಾದದ್ದು ಮೊದಲು ಗಟ್ಟಿಯಾಗಿ ಗೊತ್ತಿರಬೇಕು. ಬೆಳಿಗ್ಗೆ ಸರಿಯಾದದ್ದನ್ನು ಕಲಿತು ಮಧ್ಯಾಹ್ನ ಅದನ್ನೇ ಕೆಡಿಸುವ ನನ್ನನ್ನು ನೋಡಿ ಗಂಡ, ಮನೆಗೆ ಒಬ್ಬ ರೋಗಿ ಸಾಕು ಅಂದರು. ತುಂಡು ಶಬ್ದಗಳು ಬರುತ್ತಲೇ ಇದ್ದವು. ಎಲ್ಲ ಲ್ಯಾಟಿನ್ನಿನ ಬಾಲಗಳೇ. ನೀರು ಎಂಬ ಮಾತಾಗಲಿ, ನನ್ನನ್ನು ಕರೆಯುವ ಮಾತಾಗಲಿ ಬರಲೇ ಇಲ್ಲ.

ಮೊನ್ನೆ ಮಧ್ಯಾಹ್ನ ಸ್ಟೆಲ್ಲ ಎಂಬ ನಾಮಪದ ಹಿಡಿದೆ, ಅಂದರೆ ನಕ್ಷತ್ರ. ಎರಡನೆಯ ವಿಭಕ್ತಿಯಲ್ಲಿ ತಪ್ಪು ಹೇಳಿದೆ. ಮಾವನವರು ಸುಮ್ಮನಿದ್ದರು. ಮೂರನೆಯದರಲ್ಲೂ ತಪ್ಪು ಹೇಳಿದೆ. ಸುಮ್ಮನೆ. ಇಡೀ ಬಹುವಚನ ಹಾಳುಗೆಡವಿದೆ. ಊಹೂಂ. ಲ್ಯಾಟಿನ್ನೂ ಹೋಯಿತೇ, ಮತ್ತೆ ಲಕ್ವ ಹೊಡೆಯಿತೇ ಎಂದು ಕತ್ತರಿ ಬಿಸಾಕಿ ಹತ್ತಿರ ಓಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ತುಟಿ ನಡುಗಿತು, ನಿಂತಿತು, ಮತ್ತೆ ನಡುಗಿತು.

"ಬೇಕಂತ... ತಪ್ಪು... ಹೇಳ್ತೀಯ."

ಅವರ ಕಾಲಬುಡದಲ್ಲಿ ನೆಲದ ಮೇಲೆ ಕೂತೆ. ಹೌದು ಮಾವ, ನಿಮ್ಮ ದನಿ ಕೇಳಬೇಕಿತ್ತು ಎಂದು ಹೇಳಿದೆ. ಕೊರಳಿನ ಅಳತೆ ಟೇಪಿನ ತುದಿಯಿಂದಲೇ ಕಣ್ಣೊರೆಸಿಕೊಂಡೆ. ಇಷ್ಟು ದಿನ ಹೇಳದೆ ಉಳಿಸಿಕೊಂಡಿದ್ದ ಮಾತು ಆಗ ಹೊರಗೆ ಬಂತು.

"ಅವತ್ತು ನಾನು ನಿಮಗೆ ಬಾಯಿ ಮುಚ್ಚಿ ಅಂದೆ. ಅದು ತಪ್ಪು ಮಾವ."

ಅವರು ಏನೂ ಹೇಳಲಿಲ್ಲ. ಅಲ್ಲಿಗೆ, ಅವರ ಪದ್ಧತಿಯ ಪ್ರಕಾರ, ನಾನು ಈಗ ಹೇಳಿದ್ದು ಸರಿ. ಮಗಳೇ, ಇರಲಿ ಬಿಡು ಎನ್ನುವ ಪೈಕಿಯೇ ಅಲ್ಲ ಅವರು. ಬೀದಿಯಲ್ಲಿ ಯಾರದೋ ಸೈಕಲ್ ಗಂಟೆ ಬಾರಿಸುತ್ತ ಹೋಯಿತು. ನನಗೆ ಇನ್ನೊಂದು ಕೇಳುವುದಿತ್ತು, ಅದಕ್ಕೂ ಮೌನವೇ ಉತ್ತರವಾದರೆ ತಡೆದುಕೊಳ್ಳುವ ಶಕ್ತಿ ಇರಲಿಲ್ಲ. ಆದರೂ ಹೇಳಿದೆ.

"ನಿಮಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ."

ಈ ಸಲ ತುಟಿ ನಡುಗಲಿಲ್ಲ.

"ತಪ್ಪು," ಅಂದರು ಮಾವ.